ಅಲ್ಪಸಂಖ್ಯಾತರ ರಕ್ಷಣೆ: ಕುರ್ಚಿಯೋ, ಮತದ ಲೆಕ್ಕವೋ, ಹಕ್ಕೋ? ಎಡಪಂಥೀಯರ ಒಂದು ಹಳೆಯ ಚರ್ಚೆ ಮತ್ತು ನಮ್ಮ ಸೀಮೆ

ಚುನಾವಣೆಯ ಫಲಿತಾಂಶ ಬಂದ ದಿನ ಚಂದಾಪುರದ ಚಹಾ ಅಂಗಡಿಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಕೇಳಿಬರುತ್ತದೆ: "ನಮ್ಮವರು ಎಷ್ಟು ಮಂದಿ ಗೆದ್ದರು?" ಪ್ರಶ್ನೆ ಸಣ್ಣದು, ಉತ್ತರವೂ ಸಣ್ಣದೇ. 224 ಸದಸ್ಯರ ಕರ್ನಾಟಕ ವಿಧಾನಸಭೆಗೆ 1978ರಲ್ಲಿ 16 ಮುಸ್ಲಿಮರು ಆಯ್ಕೆಯಾಗಿದ್ದರು. ಅದೇ ಇದುವರೆಗಿನ ಅತಿ ದೊಡ್ಡ ಸಂಖ್ಯೆ. 2023ರಲ್ಲಿ ಗೆದ್ದವರು 9 ಮಂದಿ. ರಾಜ್ಯದ ಜನಸಂಖ್ಯೆಯಲ್ಲಿ ನಮ್ಮ ಪಾಲು 2011ರ ಜನಗಣತಿಯಂತೆ ಶೇ. 13ರ ಹತ್ತಿರ. ಲೋಕಸಭೆಯ ಲೆಕ್ಕ ಇನ್ನೂ ಸುಲಭ. ಕರ್ನಾಟಕದಿಂದ ಕೊನೆಯದಾಗಿ ಗೆದ್ದ ಮುಸ್ಲಿಂ ಸದಸ್ಯರು ನಮ್ಮ ಗುಲ್ಬರ್ಗಾ ಕ್ಷೇತ್ರದ ಇಕ್ಬಾಲ್ ಅಹ್ಮದ್ ಸರಡಗಿಯವರು, 2004ರಲ್ಲಿ. ಆಮೇಲೆ 2009, 2014, 2019, 2024 ಹೀಗೆ ನಾಲ್ಕು ಚುನಾವಣೆಗಳು ಕಳೆದವು. ಒಬ್ಬರೂ ಇಲ್ಲ.

ಈ ಮಾತು ಬಂದಾಗಲೆಲ್ಲ ಹಿರಿಯರು ನಿಟ್ಟುಸಿರು ಬಿಡುತ್ತಾರೆ, ಹುಡುಗರು ಸಿಟ್ಟಾಗುತ್ತಾರೆ. ಆದರೆ ಅಲ್ಪಸಂಖ್ಯಾತರಿಗೆ ನಿಜವಾದ ರಕ್ಷಣೆ ಸಿಗುವುದು ಯಾವುದರಿಂದ ಎಂಬ ಮೂಲ ಪ್ರಶ್ನೆಯನ್ನು ಕೇಳುವವರು ಕಡಿಮೆ. ತಮ್ಮ ಧರ್ಮದವನೊಬ್ಬ ಕುರ್ಚಿಯಲ್ಲಿ ಕೂತರೆ ಸಾಕೇ? ಅಥವಾ ಚದುರಿ ಹೋದ ಮತಗಳೂ ವ್ಯರ್ಥವಾಗದಂತೆ ಎಣಿಸುವ ಕ್ರಮ ಬೇಕೇ? ಅಥವಾ ಯಾರು ಗೆದ್ದರೂ ಸೋತರೂ ನ್ಯಾಯಾಲಯದಲ್ಲಿ ಕೇಳಿ ಪಡೆಯಬಹುದಾದ ಹಕ್ಕು ಬೇಕೇ? ಈ ಮೂರರ ನಡುವೆ ಈ ದೇಶದ ಎಡಪಂಥೀಯರು, ಅಂದರೆ ಕಮ್ಯುನಿಸ್ಟರು, ಸಮಾಜವಾದಿಗಳು ಮತ್ತು ಅವರ ಜೊತೆಗಿದ್ದ ಪ್ರಗತಿಪರರು, ಎಂಬತ್ತು ವರ್ಷಗಳ ಹಿಂದೆಯೇ ಜಗಳವಾಡಿದ್ದರು. ಆ ಜಗಳದ ಒಂದು ಭಾಗ ನಮ್ಮದೇ ಹೈದರಾಬಾದ್ ಸಂಸ್ಥಾನದಲ್ಲಿ ನಡೆಯಿತು. ನಮ್ಮ ವಿದ್ಯಾರ್ಥಿಗಳ ಪಠ್ಯಪುಸ್ತಕದಲ್ಲಿ ಅದು ಕಾಣುವುದು ಕಡಿಮೆ. ಆದ್ದರಿಂದ ಈ ವರ್ಷದ ಸಂಚಿಕೆಗೆ ಅದನ್ನೇ ಬರೆಯೋಣ ಎನಿಸಿತು.

ಸಂಸ್ಥಾನದ ಕಾಲದಿಂದಲೇ ಆರಂಭಿಸೋಣ. ಚಿಂಚೋಳಿ, ಸೇಡಂ, ಚಿತ್ತಾಪುರ, ಶಹಾಬಾದ, ವಾಡಿ ಎಲ್ಲವೂ ಆಗ ನಿಜಾಮರ ಆಳ್ವಿಕೆಯಲ್ಲಿದ್ದವು. 1941ರ ಜನಗಣತಿಯಂತೆ ಸಂಸ್ಥಾನದಲ್ಲಿ ಸುಮಾರು 1 ಕೋಟಿ 63 ಲಕ್ಷ ಜನರಿದ್ದರು. ಅವರಲ್ಲಿ ಹೆಚ್ಚುಕಡಿಮೆ ಎಂಟಕ್ಕೆ ಒಬ್ಬರು ಮುಸ್ಲಿಮರು. 1937ರ ಸೆಪ್ಟೆಂಬರಿನಲ್ಲಿ ಸರಕಾರವು ದಿವಾನ್ ಬಹಾದ್ದೂರ್ ಅರವಮುಡು ಅಯ್ಯಂಗಾರರ ಅಧ್ಯಕ್ಷತೆಯಲ್ಲಿ ಸುಧಾರಣಾ ಸಮಿತಿಯೊಂದನ್ನು ನೇಮಿಸಿತು. ಅದರ ವರದಿಯನ್ನು ಆಧರಿಸಿ 1939ರ ಜುಲೈನಲ್ಲಿ ಹೊಸ ಶಾಸನಸಭೆಯ ಯೋಜನೆ ಪ್ರಕಟವಾಯಿತು. ಒಟ್ಟು ಸದಸ್ಯರು 85, ಅವರಲ್ಲಿ ಚುನಾಯಿತರು 42.

ಈ ಯೋಜನೆಯಲ್ಲಿ ಎರಡು ವಿಚಿತ್ರಗಳಿದ್ದವು. ಒಂದು, ಕ್ಷೇತ್ರಗಳು ಊರು, ತಾಲ್ಲೂಕುಗಳ ಮೇಲೆ ನಿಂತಿರಲಿಲ್ಲ, ಕಸುಬಿನ ಮೇಲೆ ನಿಂತಿದ್ದವು. ಜಾಗೀರ್ದಾರರಿಗೆ ಇಷ್ಟು, ಜಮೀನು ಉಳ್ಳವರಿಗೆ ಇಷ್ಟು, ವಕೀಲರಿಗೆ, ವೈದ್ಯರಿಗೆ, ವ್ಯಾಪಾರಕ್ಕೆ, ಪದವೀಧರರಿಗೆ, ಕಾರ್ಮಿಕರಿಗೆ ಇಷ್ಟಿಷ್ಟು ಎಂದು ಹಂಚಿಕೆ. ಇನ್ನೊಂದು, ಚುನಾಯಿತ ಸ್ಥಾನಗಳು ಹಿಂದೂಗಳಿಗೂ ಮುಸ್ಲಿಮರಿಗೂ ಸರಿಸಮ. ಎಂಟರಲ್ಲಿ ಒಬ್ಬರಾಗಿದ್ದವರಿಗೆ ಅರ್ಧ ಕುರ್ಚಿಗಳು. ಯುದ್ಧದ ನೆಪದಲ್ಲಿ ಯೋಜನೆ ಮೂಲೆಗೆ ಬಿದ್ದು, 1946ರಲ್ಲಿ ತಿದ್ದುಪಡಿಗಳೊಂದಿಗೆ ಮತ್ತೆ ಬಂದಾಗಲೂ ಸಮಪಾಲಿನ ತತ್ವ ಹಾಗೆಯೇ ಉಳಿದಿತ್ತು. ಸ್ಟೇಟ್ ಕಾಂಗ್ರೆಸ್ ಆ ಚುನಾವಣೆಯನ್ನು ಬಹಿಷ್ಕರಿಸಿತು. ಅದರ ಮುಂದಾಳು ಸ್ವಾಮಿ ರಮಾನಂದ ತೀರ್ಥರು ಸಿಂದಗಿಯಲ್ಲಿ ಹುಟ್ಟಿದವರು, ಕಾರ್ಮಿಕ ನಾಯಕ ಎನ್.ಎಂ. ಜೋಶಿಯವರ ಜೊತೆ ಕೆಲಸ ಮಾಡಿ ಬಂದವರು. ಮುಂದೆ 1952ರಲ್ಲಿ ಗುಲ್ಬರ್ಗಾದಿಂದ ಲೋಕಸಭೆಗೆ ಆಯ್ಕೆಯಾದವರೂ ಅವರೇ.

ಸಮಪಾಲು ಎಂದರೆ ಮುಸ್ಲಿಮರಿಗೆ ಲಾಭವಲ್ಲವೇ ಎಂದು ಕೇಳಬಹುದು. ಹೈದರಾಬಾದಿನ ಮುಸ್ಲಿಂ ತರುಣರ ಒಂದು ಗುಂಪು ಆಗಲೇ ಇದಕ್ಕೆ 'ಅಲ್ಲ' ಎಂದಿತ್ತು. 1939ರ ಸುಮಾರಿಗೆ ಹುಟ್ಟಿದ ಕಾಮ್ರೇಡ್ಸ್ ಅಸೋಸಿಯೇಷನ್ನಿನಲ್ಲಿ ಸಿಟಿ ಕಾಲೇಜಿನ ಅಧ್ಯಾಪಕರೂ ಉರ್ದು ಕವಿಯೂ ಆದ ಮಖ್ದೂಮ್ ಮೊಹಿಯುದ್ದೀನ್, ಆಲಂ ಖುಂದ್‌ಮೀರಿ, ರಾಜ್ ಬಹಾದ್ದೂರ್ ಗೌರ್ ಮೊದಲಾದವರಿದ್ದರು. ಅವರ ವಾದವನ್ನು ನನ್ನ ಮಾತಿನಲ್ಲಿ ಹೇಳುವುದಾದರೆ ಹೀಗೆ: ಆ ಅರ್ಧ ಕುರ್ಚಿಗಳಲ್ಲಿ ಕೂರುವವರು ಯಾರು? ಜಾಗೀರ್ದಾರರು, ದೊಡ್ಡ ಅಧಿಕಾರಿಗಳು, ನಗರದ ವಕೀಲರು. ಹಳ್ಳಿಯ ನೇಕಾರ, ಪಿಂಜಾರ, ಟಾಂಗಾವಾಲಾ, ಕಚೇರಿಯ ಜವಾನ, ಶಹಾಬಾದದ ಕಲ್ಲುಗಣಿಯ ಕೂಲಿ ಇವರಲ್ಲಿ ಯಾರೂ ಅಲ್ಲಿ ಕೂರುವುದಿಲ್ಲ. ಆದರೆ ಸಮಪಾಲಿನ ಮೇಲಿನ ಸಿಟ್ಟು ನಾಳೆ ತಿರುಗುವುದು ಇದೇ ಬಡವರ ಮೇಲೆ.

ಈ ಎಚ್ಚರಿಕೆ ಎಷ್ಟು ನಿಜವಾಯಿತು ಎಂಬುದನ್ನು ಮುಂದೆ ನೋಡುತ್ತೇವೆ. ಎಡಪಂಥೀಯರು ಎಲ್ಲ ವಿಷಯದಲ್ಲೂ ಸರಿಯಾಗಿದ್ದರು ಎಂದು ನಾನು ಹೇಳಲಾರೆ. 1942ರಲ್ಲಿ ಕಮ್ಯುನಿಸ್ಟ್ ಪಕ್ಷವು ಡಾ. ಗಂಗಾಧರ ಅಧಿಕಾರಿಯವರು ಮಂಡಿಸಿದ ನಿಲುವನ್ನು ಒಪ್ಪಿಕೊಂಡಿತು. ಭಾರತದಲ್ಲಿ ಹಲವು ರಾಷ್ಟ್ರೀಯತೆಗಳಿವೆ, ಪ್ರತಿಯೊಂದಕ್ಕೂ ತನ್ನ ಭವಿಷ್ಯ ತಾನೇ ನಿರ್ಧರಿಸುವ ಹಕ್ಕಿದೆ ಎಂಬುದು ಅದರ ಸಾರ. ಕನ್ನಡಿಗರು ಒಂದು ರಾಷ್ಟ್ರೀಯತೆ, ತೆಲುಗರು ಒಂದು; ಬಹುಸಂಖ್ಯಾತರಾಗಿರುವ ಪ್ರದೇಶಗಳಲ್ಲಿ ಮುಸ್ಲಿಮರ ಬೇಡಿಕೆಗೂ ಇದರಲ್ಲಿ ಜಾಗವಿತ್ತು. ಕೆಲವೇ ವರ್ಷಗಳಲ್ಲಿ ಪಕ್ಷವೇ ಈ ನಿಲುವಿನಿಂದ ಹಿಂದೆ ಸರಿಯಿತು. ಅದರ ದೊಡ್ಡ ತಪ್ಪು ಏನೆಂದು ತಿಳಿಯಲು ಚಿಂಚೋಳಿಯ ನಕ್ಷೆ ನೋಡಿದರೆ ಸಾಕು. ನಾವು ಒಂದು ಪ್ರದೇಶದ ಒಡೆಯರಲ್ಲ. ಈ ಹಳ್ಳಿಯಲ್ಲಿ ಹತ್ತು ಮನೆ, ಆ ಹಳ್ಳಿಯಲ್ಲಿ ಇಪ್ಪತ್ತು ಮನೆ. ಚದುರಿ ಬದುಕುವವರಿಗೆ ಪ್ರದೇಶದ ಸ್ವಯಂನಿರ್ಣಯದಿಂದ ಏನು ಬಂತು? ಪಂಜಾಬಿನಲ್ಲೋ ಬಂಗಾಳದಲ್ಲೋ ಅರ್ಥವಿದ್ದ ಮಾತಿಗೆ ಮುಲ್ಲಾಮಾರಿ ನದಿಯ ದಂಡೆಯಲ್ಲಿ ಅರ್ಥವಿರಲಿಲ್ಲ.

1948ಕ್ಕೆ ಬರೋಣ. ನಮ್ಮ ಕಡೆಯ ಹಿರಿಯರಿಗೆ ಅದೊಂದು ಇಸವಿಯಷ್ಟೇ ಆಗಿರಲಿಲ್ಲ, ಕಾಲ ಅಳೆಯುವ ಗೆರೆಯಾಗಿತ್ತು. "ಪೊಲೀಸ್ ಆಕ್ಷನ್‌ಗಿಂತ ಮೊದಲು ಹುಟ್ಟಿದವ", "ಪೊಲೀಸ್ ಆಕ್ಷನ್ ಆದ ಮೇಲೆ ಮದುವೆಯಾದವಳು" ಎಂದು ನಮ್ಮ ಅಜ್ಜಿಯಂದಿರು ವಯಸ್ಸು ಹೇಳುತ್ತಿದ್ದರು. ಮುಂದೆ ಏನೂ ಹೇಳುತ್ತಿರಲಿಲ್ಲ. ಮಜ್ಲಿಸಿನ ನಾಯಕತ್ವ 1946ರಲ್ಲಿ ಲಾತೂರಿನ ವಕೀಲ ಕಾಸಿಂ ರಜ್ವಿಯ ಕೈಗೆ ಬಂದಿತ್ತು. ರಜಾಕಾರರ ಹಾವಳಿಯಲ್ಲಿ ನಮ್ಮ ಜಿಲ್ಲೆಯ ಹಿಂದೂ ಕುಟುಂಬಗಳು ಅನುಭವಿಸಿದ್ದನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. ಅದನ್ನು ವಿರೋಧಿಸಿದ ಮುಸ್ಲಿಮರೂ ಇದ್ದರು. 'ಇಮ್ರೋಜ್' ಪತ್ರಿಕೆಯ ತರುಣ ಸಂಪಾದಕ ಶೋಯಬುಲ್ಲಾ ಖಾನರು ಸಂಸ್ಥಾನವು ಭಾರತಕ್ಕೆ ಸೇರಬೇಕೆಂದು ಬರೆದರು. ಅದೇ ಅರ್ಥದ ಏಳು ಮಂದಿ ಮುಸ್ಲಿಂ ಗಣ್ಯರ ಹೇಳಿಕೆಯನ್ನು ಪ್ರಕಟಿಸಿದರು. 1948ರ ಆಗಸ್ಟಿನಲ್ಲಿ ಅವರನ್ನು ಕೊಲ್ಲಲಾಯಿತು. ಅದೇ ವರ್ಷದ ಮೇ ತಿಂಗಳಲ್ಲಿ ನಿಜಾಮ್ ಸರಕಾರ ಕಮ್ಯುನಿಸ್ಟ್ ಪಕ್ಷದ ಮೇಲಿನ ನಿಷೇಧ ತೆಗೆದದ್ದು, ಪಕ್ಷದ ನಗರ ಘಟಕದ ಕೆಲವರು 'ಆಜಾದ್ ಹೈದರಾಬಾದ್' ಎಂಬ ಮಾತಾಡಿದ್ದು ಎಡಪಂಥೀಯರ ಮೇಲೆ ಉಳಿದ ಕಲೆ. ಅವರೊಳಗೇ ಅದರ ಬಗ್ಗೆ ತೀವ್ರ ಭಿನ್ನಾಭಿಪ್ರಾಯವಿತ್ತು.

ಸೆಪ್ಟೆಂಬರ್ 13ರಂದು ಭಾರತದ ಸೇನೆ ಪ್ರವೇಶಿಸಿತು. ನಾಲ್ಕೈದು ದಿನಗಳಲ್ಲಿ ಎಲ್ಲ ಮುಗಿಯಿತು. ಆಮೇಲೆ ಹಳ್ಳಿಗಳಲ್ಲಿ ನಡೆದದ್ದನ್ನು ತಿಳಿಯಲು ಕೇಂದ್ರ ಸರಕಾರವು ಪಂಡಿತ್ ಸುಂದರಲಾಲ್ ಮತ್ತು 'ಪಯಾಮ್' ಪತ್ರಿಕೆಯ ಖಾಜಿ ಅಬ್ದುಲ್ ಗಫಾರ್ ಅವರ ತಂಡವನ್ನು ಕಳುಹಿಸಿತು. ಒಟ್ಟು ಸತ್ತವರು 27 ಸಾವಿರದಿಂದ 40 ಸಾವಿರ ಎಂದು ಅವರು ಅಂದಾಜು ಮಾಡಿದರು. ಅತಿ ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳು ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್, ನಾಂದೇಡ್. ಈ ನಾಲ್ಕರಲ್ಲಿಯೇ 18 ಸಾವಿರಕ್ಕೆ ಕಡಿಮೆಯಿಲ್ಲ ಎಂದು ಬರೆದರು. ಆ ವರದಿ ದೆಹಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಸಾಮಾನ್ಯ ಓದುಗರಿಗೆ ಸಿಕ್ಕಿದ್ದು 2013ರಲ್ಲಿ.

ಆ ವರದಿಯಲ್ಲಿ ಹೆಚ್ಚು ಜನರ ಕಣ್ಣಿಗೆ ಬೀಳದ ಒಂದು ಭಾಗವಿದೆ. ನನಗೆ ಅದೇ ಮುಖ್ಯವೆನಿಸುತ್ತದೆ. ತಮ್ಮ ಪ್ರಾಣ ಒತ್ತೆಯಿಟ್ಟು ಮುಸ್ಲಿಂ ನೆರೆಯವರನ್ನು ಕಾಪಾಡಿದ ಹಿಂದೂಗಳ ಬಗ್ಗೆ ಅದು ಹೇಳುತ್ತದೆ. ಒಂದೇ ಕಸುಬಿನವರ ನಡುವೆ ಈ ಬಾಂಧವ್ಯ ಹೆಚ್ಚಾಗಿತ್ತು ಎಂದೂ ಗುರುತಿಸುತ್ತದೆ. ಉದಾಹರಣೆಗೆ ಕೊಟ್ಟಿರುವುದು ನೇಕಾರರನ್ನು. ಹಿಂದೂ ನೇಕಾರರು ಮುಸ್ಲಿಂ ನೇಕಾರರ ಪರವಾಗಿ ನಿಂತು ತಾವೂ ಜೀವ ತೆತ್ತ ಪ್ರಸಂಗಗಳಿದ್ದವು. ಅಯ್ಯಂಗಾರ್ ಸಮಿತಿ ಕಾಗದದ ಮೇಲೆ ಕಸುಬಿನ ಪ್ರಾತಿನಿಧ್ಯ ಬರೆದು, ಅದರೊಳಗೆ ಧರ್ಮದ ಸಮಪಾಲು ತುರುಕಿತ್ತು. ಬೆಂಕಿ ಬಿದ್ದಾಗ ಸಮಪಾಲು ಯಾರನ್ನೂ ಉಳಿಸಲಿಲ್ಲ, ಮಗ್ಗದ ಗೆಳೆತನ ಕೆಲವರನ್ನಾದರೂ ಉಳಿಸಿತು.

ಅದೇ ಹೊತ್ತಿನಲ್ಲಿ ದೆಹಲಿಯಲ್ಲಿ ಸಂವಿಧಾನ ಸಭೆ ನಡೆಯುತ್ತಿತ್ತು. ಅದರಲ್ಲಿ ಹೈದರಾಬಾದ್ ಸಂಸ್ಥಾನಕ್ಕೆ 16 ಸ್ಥಾನಗಳಿದ್ದವು, ಮೈಸೂರಿಗೆ 7. ಮೈಸೂರಿನವರು ಹೋಗಿ ಕೂತರು. ನಮ್ಮ 16 ಕುರ್ಚಿಗಳು ಸಂವಿಧಾನ ಅಂಗೀಕಾರವಾದ 1949ರ ನವೆಂಬರ್ 26ರವರೆಗೂ ಖಾಲಿಯೇ ಉಳಿದವು. ಮೂರು ದಿನ ಮೊದಲು, ನವೆಂಬರ್ 23ರಂದು, ನಿಜಾಮರು ಸಂವಿಧಾನವನ್ನು ಒಪ್ಪುವ ಘೋಷಣೆ ಹೊರಡಿಸಿದರು, ಅಷ್ಟೆ. ಅಲ್ಪಸಂಖ್ಯಾತರ ರಕ್ಷಣೆಯ ಬಗ್ಗೆ ಮಾತಾಡಲು ಆ ವರ್ಷ ಯಾರಿಗಾದರೂ ಅನುಭವದ ಅಧಿಕಾರವಿದ್ದರೆ ಅದು ಗುಲ್ಬರ್ಗಾ, ಬೀದರಿನವರಿಗೆ. ಅಲ್ಲಿ ನಮ್ಮ ಕಡೆಯ ಹಿಂದೂವೂ ಇರಲಿಲ್ಲ, ಮುಸ್ಲಿಮನೂ ಇರಲಿಲ್ಲ.

ಸಭೆಯಲ್ಲಿದ್ದ ಎಡಪಂಥೀಯರು ಬೆರಳೆಣಿಕೆಯಷ್ಟು. ಒಬ್ಬರೇ ಕಮ್ಯುನಿಸ್ಟ್ ಸದಸ್ಯರೆಂದರೆ ಬಂಗಾಳದ ಸೋಮನಾಥ ಲಾಹಿರಿ. 1947ರ ಏಪ್ರಿಲಿನಲ್ಲಿ ಮೂಲಭೂತ ಹಕ್ಕುಗಳ ಕರಡು ಬಂದಾಗ, ಇವುಗಳಲ್ಲಿ ಹಲವನ್ನು ಪೊಲೀಸ್ ಕಾನ್‌ಸ್ಟೇಬಲನ ದೃಷ್ಟಿಯಿಂದ ಬರೆದಂತಿದೆ ಎಂದು ಅವರು ಟೀಕಿಸಿದರು. ಪ್ರತಿ ಹಕ್ಕಿನ ಬೆನ್ನಿಗೂ ಅದನ್ನು ಕಸಿಯುವ ಒಂದು 'ಆದರೆ' ಅಂಟಿಕೊಂಡಿದೆ ಎಂಬುದು ಅವರ ದೂರು. ದೇಶ ವಿಭಜನೆಯಾದ ಮೇಲೆ ಅವರ ಸದಸ್ಯತ್ವವೇ ಹೋಯಿತು. 1948ರ ಆರಂಭದಲ್ಲಿ ಕಲ್ಕತ್ತಾ ಮಹಾಧಿವೇಶನ ಮುಗಿಸಿದ ಕಮ್ಯುನಿಸ್ಟ್ ಪಕ್ಷ ಈ ಸ್ವಾತಂತ್ರ್ಯವೇ ಸುಳ್ಳು ಎಂದು ಹೇಳಿ ಬಂಡಾಯದ ದಾರಿ ಹಿಡಿಯಿತು. ಹಕ್ಕುಗಳ ಅಂತಿಮ ಪದಗಳು ನಿರ್ಧಾರವಾಗುವಾಗ ಆ ಪಕ್ಷದ ನಾಯಕರು ಜೈಲಿನಲ್ಲೋ ಭೂಗತರಾಗಿಯೋ ಇದ್ದರು. ಇದನ್ನು ತ್ಯಾಗವೆಂದು ಹೊಗಳುವವರಿದ್ದಾರೆ. ನನಗೆ ಅದು ಗೈರುಹಾಜರಿಯಾಗಿಯೇ ಕಾಣುತ್ತದೆ.

ಇನ್ನೊಬ್ಬರು ಮೌಲಾನಾ ಹಸ್ರತ್ ಮೋಹಾನಿ. ಇವರನ್ನು ಯಾವ ಪೆಟ್ಟಿಗೆಯಲ್ಲಿ ಇಡಬೇಕೆಂದು ಇತಿಹಾಸಕಾರರಿಗೇ ತಿಳಿಯದು. ಉರ್ದು ಗಜಲಿನ ದೊಡ್ಡ ಹೆಸರು, ಹಲವು ಸಲ ಹಜ್ ಮಾಡಿದವರು, 1921ರ ಅಹಮದಾಬಾದ್ ಅಧಿವೇಶನದಲ್ಲಿ ಪೂರ್ಣ ಸ್ವಾತಂತ್ರ್ಯದ ಬೇಡಿಕೆ ಇಟ್ಟವರು, 1925ರ ಕಾನ್ಪುರದ ಕಮ್ಯುನಿಸ್ಟ್ ಸಮ್ಮೇಳನದ ಸ್ವಾಗತ ಸಮಿತಿಯ ಅಧ್ಯಕ್ಷರು. ಸಂವಿಧಾನ ಸಭೆಗೆ ಬಂದದ್ದು ಮುಸ್ಲಿಂ ಲೀಗಿನ ಸದಸ್ಯರಾಗಿ! 1948ರ ನವೆಂಬರಿನಲ್ಲಿ ಕರಡು ಸಂವಿಧಾನದ ಚರ್ಚೆ ಶುರುವಾಗುತ್ತಿದ್ದಂತೆ ಅವರು ಒಂದು ತಿದ್ದುಪಡಿ ಮಂಡಿಸಿದರು. ಜಂಟಿ ಮತದಾರರ ಪಟ್ಟಿಯ ಮೇಲೆ, ಕೋಮುವಾರು ಪಕ್ಷಗಳ ಬದಲು ರಾಜಕೀಯ ಪಕ್ಷಗಳ ಆಧಾರದ ಮೇಲೆ ಹೊಸ ಸಂವಿಧಾನ ಸಭೆ ಆಯ್ಕೆಯಾಗುವವರೆಗೆ ಈ ಕೆಲಸ ನಿಲ್ಲಲಿ ಎಂದರು. ಸಮಾಜವಾದಿ ದಾಮೋದರ ಸ್ವರೂಪ್ ಸೇಠರು ವಯಸ್ಕ ಮತದಾನದ ಹೊಸ ಸಭೆ ಬೇಕೆಂದರು. ಎರಡೂ ಬಿದ್ದುಹೋದವು. ಜನ ಧರ್ಮದ ಹೆಸರಿನಲ್ಲಿ ಅಲ್ಲ, ಕಾರ್ಯಕ್ರಮದ ಹೆಸರಿನಲ್ಲಿ ಪಕ್ಷ ಕಟ್ಟಿದರೆ ಕಾಯಂ ಬಹುಸಂಖ್ಯಾತ, ಕಾಯಂ ಅಲ್ಪಸಂಖ್ಯಾತ ಎಂಬುದೇ ಇರುವುದಿಲ್ಲ ಎನ್ನುವುದು ಆ ತಿದ್ದುಪಡಿಯ ಹಿಂದಿನ ತರ್ಕ. ಮಾತು ಚೆನ್ನಾಗಿದೆ. ಆದರೆ ಜನ ಹಾಗೆ ಪಕ್ಷ ಕಟ್ಟದಿದ್ದರೆ? ಅದಕ್ಕೆ ಆ ತಿದ್ದುಪಡಿಯಲ್ಲಿ ಉತ್ತರವಿರಲಿಲ್ಲ.

ಉತ್ತರಕ್ಕೆ ಹತ್ತಿರದ್ದನ್ನು ಹೇಳಿದವರು ಎಡಪಂಥೀಯರಲ್ಲದ ಒಬ್ಬ ವಕೀಲರು, ಮಧ್ಯಪ್ರಾಂತ ಮತ್ತು ಬೇರಾರಿನ ಖಾಜಿ ಸಯ್ಯದ್ ಕರೀಮುದ್ದೀನ್. ಎಡಪಂಥೀಯರು ಮುಂದೆ ಬಹುಕಾಲ ಒತ್ತಾಯಿಸಿದ ಬೇಡಿಕೆಯನ್ನು ಅವರು 1949ರ ಜನವರಿಯಲ್ಲೇ ಸಭೆಯ ಮುಂದಿಟ್ಟರು. ಅದು ಪ್ರಮಾಣಾನುಗುಣ ಪ್ರಾತಿನಿಧ್ಯ. ಒಂದು ಕ್ಷೇತ್ರಕ್ಕೆ ಹಲವು ಸದಸ್ಯರಿರಲಿ, ಮತದಾರನಿಗೆ ಅಷ್ಟೇ ಮತಗಳಿರಲಿ, ಬೇಕಾದರೆ ಎಲ್ಲವನ್ನೂ ಒಬ್ಬನಿಗೇ ಹಾಕಲು ಬಿಡಿ ಎಂದರು.

ವಿದ್ಯಾರ್ಥಿಗಳಿಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಐದು ತಾಲ್ಲೂಕುಗಳಲ್ಲಿ ಪ್ರತಿಯೊಂದಕ್ಕೂ ಒಬ್ಬ ಶಾಸಕ ಎಂದುಕೊಳ್ಳಿ. ಪ್ರತಿ ತಾಲ್ಲೂಕಿನಲ್ಲಿ ನೂರಕ್ಕೆ ಇಪ್ಪತ್ತು ಮಂದಿ ಒಂದು ವಿಚಾರದವರು. ಈಗಿನ ಕ್ರಮದಲ್ಲಿ ಉಳಿದವರು ಒಟ್ಟಾದರೆ ಐದೂ ಕಡೆ ಈ ಇಪ್ಪತ್ತು ಮಂದಿ ಸೋಲುತ್ತಾರೆ, ಒಟ್ಟು ಪ್ರಾತಿನಿಧ್ಯ ಸೊನ್ನೆ. ಅದೇ ಐದು ತಾಲ್ಲೂಕು ಸೇರಿಸಿ ಐದು ಸದಸ್ಯರ ಒಂದೇ ಕ್ಷೇತ್ರ ಮಾಡಿ, ಪ್ರತಿಯೊಬ್ಬರಿಗೂ ಐದು ಮತ ಕೊಟ್ಟು, ಐದನ್ನೂ ಒಬ್ಬನಿಗೇ ಹಾಕಲು ಬಿಟ್ಟರೆ, ಆರನೆಯ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚಿರುವ ಯಾವುದೇ ಗುಂಪು ಒಂದು ಸ್ಥಾನ ಖಂಡಿತ ಗೆಲ್ಲುತ್ತದೆ. ಇಲ್ಲಿ ಗುಂಪು ಎಂದರೆ ಧರ್ಮವೇ ಆಗಬೇಕೆಂದಿಲ್ಲ. ತೊಗರಿ ಬೆಳೆಗಾರರು ಆಗಬಹುದು, ಸಿಮೆಂಟ್ ಕಾರ್ಮಿಕರು ಆಗಬಹುದು, ಒಂದು ಪಕ್ಷ ಆಗಬಹುದು. ಯಾರ ಹಣೆಯ ಮೇಲೂ ಜಾತಿ ಧರ್ಮ ಬರೆಯದೆ ಚದುರಿದವರಿಗೆ ಧ್ವನಿ ಕೊಡುವುದು ಇದರ ಗುಣ.

ಡಾ. ಅಂಬೇಡ್ಕರರು ಒಪ್ಪಲಿಲ್ಲ. ಈ ಪದ್ಧತಿಗೆ ಸಾಕ್ಷರತೆ ಬೇಕು, ನಮ್ಮ ಮತದಾರರಲ್ಲಿ ಅದಿಲ್ಲ ಎಂದರು. ಶಾಸನಸಭೆ ಸಣ್ಣ ಸಣ್ಣ ಗುಂಪುಗಳಾಗಿ ಒಡೆದರೆ ಸರಕಾರ ನಿಲ್ಲದು ಎಂದೂ ಹೇಳಿದರು. ಆ ಕಾಲಕ್ಕೆ ಎರಡೂ ತಳ್ಳಿಹಾಕುವಂಥ ಮಾತುಗಳಲ್ಲ. ಆದರೆ ದಿನಾಂಕಗಳನ್ನು ಗಮನಿಸಿ. ಜನವರಿಯಲ್ಲಿ ಈ ತಿದ್ದುಪಡಿ ಬಿದ್ದಾಗ ಕರಡಿನ 292ನೇ ವಿಧಿಯಲ್ಲಿ ಮುಸ್ಲಿಮರಿಗೆ ಮೀಸಲು ಸ್ಥಾನಗಳು ಇನ್ನೂ ಇದ್ದವು. ಮೇ 25 ಮತ್ತು 26ರಂದು ಸರದಾರ್ ಪಟೇಲರ ಸಲಹಾ ಸಮಿತಿಯ ಶಿಫಾರಸಿನಂತೆ ಪರಿಶಿಷ್ಟರನ್ನು ಬಿಟ್ಟು ಉಳಿದ ಧಾರ್ಮಿಕ ಅಲ್ಪಸಂಖ್ಯಾತರ ಮೀಸಲು ಸ್ಥಾನಗಳನ್ನು ತೆಗೆಯಲಾಯಿತು. ಮೀಸಲಾತಿ ನಮ್ಮನ್ನು ಬಹುಸಂಖ್ಯಾತರಿಂದ ಶಾಶ್ವತವಾಗಿ ದೂರವಿಡುತ್ತದೆ ಎಂದು ಬೇಗಂ ಐಜಾಜ್ ರಸೂಲರು ಅದನ್ನು ಬೆಂಬಲಿಸಿದರು. ಮದರಾಸಿನ ಮೊಹಮ್ಮದ್ ಇಸ್ಮಾಯಿಲರು ಪ್ರತ್ಯೇಕ ಮತಕ್ಷೇತ್ರವೇ ಬೇಕೆಂದು ಹಟ ಹಿಡಿದರು. ಝಡ್.ಎಚ್. ಲಾರಿಯವರು ಮಾತ್ರ ಮೀಸಲು ಸ್ಥಾನ ಹೋಗಲಿ, ಅದರ ಬದಲಿಗೆ ಒಟ್ಟುಗೂಡಿಸುವ ಮತದ ಪದ್ಧತಿ ಕೊಡಿ ಎಂದು ಮತ್ತೆ ಕೇಳಿದರು. ಅದೂ ಬಿತ್ತು. ಜನವರಿಯಲ್ಲಿ ಒಂದು ಬಾಗಿಲು ಮುಚ್ಚಿತು, ಮೇ ತಿಂಗಳಲ್ಲಿ ಇನ್ನೊಂದು. ಎರಡನೆಯದನ್ನು ಮುಚ್ಚುವಾಗ ಮೊದಲನೆಯದನ್ನು ತೆರೆದು ನೋಡಬೇಕೆಂದು ಒತ್ತಾಯಿಸಲು ಸಂಘಟಿತ ಎಡಪಕ್ಷ ಅಲ್ಲಿರಲಿಲ್ಲ. 1949ರ ನನ್ನ ಮುಖ್ಯ ದೂರು ಇದೇ. ಮೀಸಲು ಸ್ಥಾನ ತೆಗೆದದ್ದರ ಬಗ್ಗೆ ನನಗೆ ಅಷ್ಟು ದುಃಖವಿಲ್ಲ. ಸಮಪಾಲು ಏನು ಮಾಡಿತೆಂದು ಹೈದರಾಬಾದಿನವರಾದ ನಮಗೆ ಗೊತ್ತು.

ಹಾಗಾದರೆ ಉಳಿದದ್ದು ಹಕ್ಕು. ಸಂವಿಧಾನ ಜಾರಿಗೆ ಬಂದು ಕೆಲವೇ ತಿಂಗಳಾಗಿತ್ತು. ಅದನ್ನು ಕಟುವಾಗಿ ಟೀಕಿಸಿದ್ದ ಕಮ್ಯುನಿಸ್ಟರಲ್ಲಿ ಒಬ್ಬರು ಅದರದೇ 32ನೇ ವಿಧಿಯನ್ನು ಹಿಡಿದು ಸುಪ್ರೀಂ ಕೋರ್ಟಿಗೆ ಹೋದರು. ವಿಚಾರಣೆಯಿಲ್ಲದೆ ಬಂಧನದಲ್ಲಿದ್ದ ಎ.ಕೆ. ಗೋಪಾಲನ್. ಕಾಸರಗೋಡಿನ ಕನ್ನಡಿಗರಿಗೆ ಈ ಹೆಸರು ಚೆನ್ನಾಗಿ ಗೊತ್ತು, 1957ರಿಂದ ಸತತ ಮೂರು ಸಲ ಅವರು ಅಲ್ಲಿಂದಲೇ ಲೋಕಸಭೆಗೆ ಗೆದ್ದರು. 1950ರ ಮೇ ತಿಂಗಳ ತೀರ್ಪಿನಲ್ಲಿ ಕಾಯಿದೆಯ ಒಂದು ಕಲಮು ಮಾತ್ರ ರದ್ದಾಯಿತು, ಬಹುಮತ ಗೋಪಾಲನ್ನರ ವಿರುದ್ಧ ಹೋಯಿತು. ಕಾನೂನು ಇದೆ ಎಂದ ಮಾತ್ರಕ್ಕೆ ಸಾಲದು, ಅದು ನ್ಯಾಯಯುತವೂ ಆಗಿರಬೇಕು ಎಂಬ ದಾರಿಯಲ್ಲಿ ಭಿನ್ನ ತೀರ್ಪು ಬರೆದವರು ನ್ಯಾಯಮೂರ್ತಿ ಸಯ್ಯದ್ ಫಜಲ್ ಅಲಿ. 1970ರ ಬ್ಯಾಂಕ್ ರಾಷ್ಟ್ರೀಕರಣದ ಮೊಕದ್ದಮೆ ಮತ್ತು 1978ರ ಮೇನಕಾ ಗಾಂಧಿ ಮೊಕದ್ದಮೆಯಲ್ಲಿ ನ್ಯಾಯಾಲಯ ಅವರ ಕಡೆಗೇ ಬಂತು.

ಫಜಲ್ ಅಲಿ ಎಂದ ಕೂಡಲೇ ನಮ್ಮವರಿಗೆ ಇನ್ನೊಂದು ನೆನಪಾಗಬೇಕು. 1953ರಲ್ಲಿ ನೇಮಕವಾದ ರಾಜ್ಯ ಪುನರ್ವಿಂಗಡಣಾ ಆಯೋಗದ ಅಧ್ಯಕ್ಷರೂ ಅವರೇ. ಗುಲ್ಬರ್ಗಾ 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿದ್ದರ ಹಿಂದೆ ಆ ವರದಿಯಿದೆ. ಭಾಷಾ ಅಲ್ಪಸಂಖ್ಯಾತರಿಗೆ ರಕ್ಷಣೆ ಬೇಕೆಂಬ ಅದರ ಅಧ್ಯಾಯದಿಂದಲೇ ಸಂವಿಧಾನಕ್ಕೆ 350ಎ ವಿಧಿ ಬಂತು, ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಲಭ್ಯ. ನಮ್ಮ ಉರ್ದು ಶಾಲೆಗಳೂ ಗಡಿಯಾಚೆಯ ಕನ್ನಡ ಶಾಲೆಗಳೂ ಒಂದೇ ವಿಧಿಯ ಆಸರೆಯಲ್ಲಿವೆ ಎಂಬುದನ್ನು ಭಾಷೆಯ ಹೆಸರಿನಲ್ಲಿ ಜಗಳ ಮಾಡುವವರು ಮರೆಯುತ್ತಾರೆ.

ಹಕ್ಕಿನ ವಿಷಯದಲ್ಲಿ ಎಡಪಂಥೀಯರಿಗೂ ಅಲ್ಪಸಂಖ್ಯಾತರಿಗೂ ನೇರ ಘರ್ಷಣೆ ಆದದ್ದು ಕೇರಳದಲ್ಲಿ. ಶಿಕ್ಷಣ ಸಂಸ್ಥೆ ನಡೆಸುವ ನಮ್ಮಂಥವರು ಇದನ್ನು ತಿಳಿಯಲೇಬೇಕು. ಇ.ಎಂ.ಎಸ್. ನಂಬೂದಿರಿಪಾಡರ ಕಮ್ಯುನಿಸ್ಟ್ ಸರಕಾರ 1957ರಲ್ಲಿ ಶಿಕ್ಷಣ ಮಸೂದೆ ತಂದಿತು. ಖಾಸಗಿ ಶಾಲೆಗಳ ಶಿಕ್ಷಕರಿಗೆ ಸರಕಾರವೇ ನೇರ ಸಂಬಳ ಕೊಡುವುದು, ನೇಮಕದಲ್ಲಿ ನಿಯಮ ತರುವುದು ಅದರಲ್ಲಿತ್ತು. ಶಾಲೆಗಳನ್ನು ಸರಕಾರ ವಶಪಡಿಸಿಕೊಳ್ಳುವ ಕಲಮುಗಳೂ ಇದ್ದವು. ರಾಷ್ಟ್ರಪತಿಗಳು ಅಭಿಪ್ರಾಯ ಕೇಳಿದಾಗ 1958ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಎರಡನ್ನೂ ಬೇರ್ಪಡಿಸಿತು. ಸಂಬಳ, ನೇಮಕದ ನಿಯಮಗಳನ್ನು ನಿಯಂತ್ರಣವೆಂದು ಸಹಿಸಬಹುದು, ಆದರೆ ಅನುದಾನ ಅಥವಾ ಮಾನ್ಯತೆಯ ಹೆಸರಿನಲ್ಲಿ ಅಲ್ಪಸಂಖ್ಯಾತರ ಸಂಸ್ಥೆಯನ್ನೇ ಕೈಗೆ ತೆಗೆದುಕೊಂಡರೆ 30ನೇ ವಿಧಿಗೆ ವಿರುದ್ಧ ಎಂದಿತು. ಕೋರ್ಟು ಹೇಳಿದ್ದು ಸರಿ ಎಂದೇ ನನ್ನ ಅಭಿಪ್ರಾಯ. ಜೊತೆಗೆ ಇನ್ನೊಂದು ಮಾತು ಸೇರಿಸುತ್ತೇನೆ, ನಮ್ಮ ಆಡಳಿತ ಮಂಡಳಿಗಳಿಗೆ ಅದು ಹಿತವಾಗದಿರಬಹುದು. 30ನೇ ವಿಧಿ ಸಮುದಾಯಕ್ಕೆ ಸಿಕ್ಕ ಹಕ್ಕು, ಮಂಡಳಿಗೆ ಸಿಕ್ಕ ಜಾಗೀರಲ್ಲ. ಪೂರ್ತಿ ಸಂಬಳದ ರಸೀದಿಗೆ ಸಹಿ ಹಾಕಿಸಿಕೊಂಡು ಅರ್ಧ ಕೊಟ್ಟ ಸಂಸ್ಥೆಯಲ್ಲಿ ನಾನೂ ಚಿಕ್ಕ ವಯಸ್ಸಿನಲ್ಲಿ ಪಾಠ ಮಾಡಿದ್ದೇನೆ. ಆ ಶಿಕ್ಷಕನ ದೃಷ್ಟಿಯಿಂದ ನೋಡಿದರೆ ನಂಬೂದಿರಿಪಾಡರ ಮಸೂದೆಯ ಅರ್ಧ ಭಾಗ ನ್ಯಾಯವೇ ಆಗಿತ್ತು.

ಈಗ ಮತ್ತೆ ಮತದ ಲೆಕ್ಕಕ್ಕೆ. 1952ರ ಮೊದಲ ಚುನಾವಣೆಯಲ್ಲಿ ಹೈದರಾಬಾದ್ ವಿಧಾನಸಭೆಗೆ 175 ಸದಸ್ಯರು, ಕ್ಷೇತ್ರಗಳು 142. ಅಂದರೆ 33 ಕ್ಷೇತ್ರಗಳಲ್ಲಿ ಇಬ್ಬಿಬ್ಬರು ಸದಸ್ಯರು, ಒಂದು ಸ್ಥಾನ ಸಾಮಾನ್ಯ, ಇನ್ನೊಂದು ಮೀಸಲು. ಅನಕ್ಷರಸ್ಥರಿಗೆ ಬಹುಸದಸ್ಯ ಕ್ಷೇತ್ರ ಅರ್ಥವಾಗದು ಎಂದವರ ಕಣ್ಣೆದುರೇ ಅವರು ಎರಡೆರಡು ಮತ ಹಾಕಿ ಬಂದರು. ಆದರೆ ಕರೀಮುದ್ದೀನರು ಕೇಳಿದ ಮುಖ್ಯ ಅಂಶ ಅದರಲ್ಲಿರಲಿಲ್ಲ, ಎರಡೂ ಮತಗಳನ್ನು ಒಬ್ಬನಿಗೇ ಹಾಕುವಂತಿರಲಿಲ್ಲ. ನಿಷೇಧದಲ್ಲಿದ್ದ ಕಮ್ಯುನಿಸ್ಟರು ಪೀಪಲ್ಸ್ ಡೆಮೊಕ್ರಾಟಿಕ್ ಫ್ರಂಟ್ ಹೆಸರಿನಲ್ಲಿ ನಿಂತು 42 ಸ್ಥಾನ ಗೆದ್ದರು, ಬಹುತೇಕ ತೆಲಂಗಾಣದಲ್ಲಿ. ಎರಡು ಸದಸ್ಯರ ಕ್ಷೇತ್ರಗಳು 1961ರ ಕಾಯಿದೆಯಿಂದ ರದ್ದಾದವು.

ಒಂದು ಕ್ಷೇತ್ರಕ್ಕೆ ಒಬ್ಬನೇ ಎಂಬ ಕ್ರಮ ಬಹುಸಂಖ್ಯಾತರಿಗೂ ಅನ್ಯಾಯ ಮಾಡಬಲ್ಲದು. 2018ರ ಕರ್ನಾಟಕ ಚುನಾವಣೆಯಲ್ಲಿ ಶೇ. 38ರಷ್ಟು ಮತ ಪಡೆದ ಕಾಂಗ್ರೆಸ್ 80 ಸ್ಥಾನ ಗಳಿಸಿತು, ಶೇ. 36ರಷ್ಟು ಪಡೆದ ಬಿಜೆಪಿ 104 ಗಳಿಸಿತು. ಎಡಪಕ್ಷಗಳು ಪ್ರಮಾಣಾನುಗುಣ ಪ್ರಾತಿನಿಧ್ಯವನ್ನು ತಮ್ಮ ಪ್ರಣಾಳಿಕೆಗಳಲ್ಲಿ ಬರೆಯುತ್ತಲೇ ಬಂದವು. ಕಮ್ಯುನಿಸ್ಟ್ ನಾಯಕ ಇಂದ್ರಜಿತ್ ಗುಪ್ತರ ಸಮಿತಿ 1998ರಲ್ಲಿ ಚುನಾವಣೆಗೆ ಸರಕಾರದ ಖರ್ಚಿನ ವಿಷಯ ಪರಿಶೀಲಿಸಿತು. ಕಾನೂನು ಆಯೋಗ 1999ರ 170ನೇ ವರದಿಯಲ್ಲಿ ಈಗಿನ ಸ್ಥಾನಗಳ ಜೊತೆಗೆ ಪಟ್ಟಿಯ ಮೂಲಕ ತುಂಬುವ ಹೆಚ್ಚುವರಿ ಸ್ಥಾನಗಳನ್ನು ಸೂಚಿಸಿತು. 2015ರ 255ನೇ ವರದಿಯಲ್ಲೂ ಮಿಶ್ರ ಪದ್ಧತಿಯ ಚರ್ಚೆ ಬಂತು. ಯಾವುದೂ ಕಾಯಿದೆಯಾಗಲಿಲ್ಲ. ಎಡಪಕ್ಷಗಳೂ ಇದಕ್ಕಾಗಿ ಬೀದಿಗಿಳಿದು ದೊಡ್ಡ ಚಳವಳಿ ಮಾಡಲಿಲ್ಲ ಎಂಬುದನ್ನು ಹೇಳಲೇಬೇಕು.

ಇದರ ಪರಿಣಾಮ ನಮ್ಮ ತಾಲ್ಲೂಕುಗಳಲ್ಲಿ ಹೇಗೆ ಕಂಡಿತು? 2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಚಿಂಚೋಳಿ ಮತ್ತು ಚಿತ್ತಾಪುರ ಪರಿಶಿಷ್ಟ ಜಾತಿಗೆ ಮೀಸಲಾದವು, ಶಹಾಬಾದ ಎಂಬ ವಿಧಾನಸಭಾ ಕ್ಷೇತ್ರವೇ ಇಲ್ಲವಾಯಿತು. 1996ರಲ್ಲಿ ಖಮರುಲ್ ಇಸ್ಲಾಂ, 1999 ಮತ್ತು 2004ರಲ್ಲಿ ಸರಡಗಿಯವರನ್ನು ಗೆಲ್ಲಿಸಿದ್ದ ಗುಲ್ಬರ್ಗಾ ಲೋಕಸಭಾ ಕ್ಷೇತ್ರವೂ ಮೀಸಲಾಯಿತು. ಮುಸ್ಲಿಮರು ಹೆಚ್ಚಿರುವ ಕ್ಷೇತ್ರಗಳು ಹೀಗೆ ಮೀಸಲಾಗುವ ಬಗ್ಗೆ ಬೇರೆ ರಾಜ್ಯಗಳ ಉದಾಹರಣೆ ಕೊಟ್ಟು ಸಾಚಾರ್ ಸಮಿತಿ 2006ರಲ್ಲೇ ಬರೆದಿತ್ತು. ಆಗ ನಮ್ಮ ಕೆಲವು ಗೆಳೆಯರು ದಲಿತರ ಮೇಲೆ ಬೇಸರಪಟ್ಟುಕೊಂಡರು. ಅದು ತಪ್ಪು ಬೇಸರ. ಚಿಂಚೋಳಿಯ ತಾಂಡಾಗಳಲ್ಲಿ, ಚಿತ್ತಾಪುರದ ಕೇರಿಗಳಲ್ಲಿ ಇರುವವರಿಗೆ ಆ ಸ್ಥಾನ ಸಿಕ್ಕಿದ್ದು ಅವರ ಹಕ್ಕಿನಿಂದ. ಒಬ್ಬ ನೆರೆಯವನ ರಕ್ಷಣೆ ಇನ್ನೊಬ್ಬ ನೆರೆಯವನ ನಷ್ಟವಾಗಿ ಕಾಣುವಂತೆ ಮಾಡಿದ್ದು ಒಂದು ಕ್ಷೇತ್ರಕ್ಕೆ ಒಂದೇ ಕುರ್ಚಿ ಎಂಬ ಲೆಕ್ಕ. ಕರೀಮುದ್ದೀನರ ಐದು ಸದಸ್ಯರ ಕ್ಷೇತ್ರದಲ್ಲಿ ಇಬ್ಬರಿಗೂ ಜಾಗವಿರುತ್ತಿತ್ತು.

2001ರ 84ನೇ ತಿದ್ದುಪಡಿಯಂತೆ ಲೋಕಸಭೆ ಮತ್ತು ವಿಧಾನಸಭೆಗಳ ಸ್ಥಾನಗಳ ಮರುಹೊಂದಾಣಿಕೆ 2026ರ ನಂತರದ ಮೊದಲ ಜನಗಣತಿಯವರೆಗೆ ತಡೆಹಿಡಿಯಲ್ಪಟ್ಟಿದೆ. ಕಳೆದ ಸಲದ ಪುನರ್ವಿಂಗಡಣೆ ನಡೆದದ್ದು 2002ರ ಕಾಯಿದೆಯಡಿ. ಅದರ ಪ್ರಕಾರ ಆಯೋಗವು ತನ್ನ ಕರಡನ್ನು ಗೆಜೆಟ್ಟಿನಲ್ಲಿ ಪ್ರಕಟಿಸಬೇಕಿತ್ತು, ಆಕ್ಷೇಪಣೆ ಪಡೆಯಬೇಕಿತ್ತು, ಸಾರ್ವಜನಿಕ ಸಭೆ ನಡೆಸಿ ಕೇಳಬೇಕಿತ್ತು. ಅಂಥ ಕರಡು ಮುಂದೆ ಬಂದಾಗ ಐನಾಪುರ, ಸುಲೇಪೇಟೆ ಯಾವ ಗೆರೆಯೊಳಗೆ ಬಿದ್ದಿವೆ ಎಂದು ನಕ್ಷೆ ಹಿಡಿದು ನೋಡಿ, ನೆರೆಯ ತಾಂಡಾದ ಹುಡುಗನನ್ನೂ ಜೊತೆಗೆ ಕರೆದುಕೊಂಡು ಅರ್ಜಿ ಬರೆಯುವಷ್ಟು ಕಾನೂನು ಓದಿದವರು ನಮ್ಮ ಕಾಲೇಜಿನಿಂದ ಈಗಲೇ ತಯಾರಾಗಬೇಕಿದೆ.